ಹುಳು ಮನೆಯ ಯಂತ್ರ ಹೊತ್ತು ಡೆನ್ಮಾರ್ಕಿಗೆ

ತೆರಕಣಾಂಬಿ

ಫಾರಿನ್ನಿಗೆ ಹೋಗುವವರು ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುತ್ತಾರೆ. ನಾನು ಕಟ್ಟಿಕೊಂಡು ಹೋದದ್ದು ಕೆಟ್ಟುಹೋದ ಯಂತ್ರದ ಒಂದು ತುಂಡನ್ನು. ಅದಕ್ಕೆ ಅರಿಸಿನದ ಹಳೆ ಗೋಣಿಚೀಲ ಸುತ್ತಿ, ಅದರ ಮೇಲೆ ಅಕ್ಕನ ಹಳೆ ಸೀರೆ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ತೆರಕಣಾಂಬಿಯಲ್ಲಿ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ಹೆಂಗಸು ಸೀಟು ಬಿಟ್ಟುಕೊಟ್ಟು, ಆಮೇಲೆ ಒಳಗೆ ಇಣುಕಿ ನೋಡಿ, ಮುಖ ಆ ಕಡೆ ತಿರುಗಿಸಿದಳು.

ನನ್ನದು ಚಾಮರಾಜನಗರದಲ್ಲಿ ಇನ್ವರ್ಟರ್, ಬ್ಯಾಟರಿ ಮಾರುವ ಅಂಗಡಿ. ಅಕ್ಕ ಪುಟ್ಟಮ್ಮಣ್ಣಿ ತೆರಕಣಾಂಬಿಯ ಹೊರಗೆ ತೋಟದಲ್ಲಿ ಚಾಕಿ ಸೆಂಟರ್ ನಡೆಸುತ್ತಾಳೆ. ರೇಷ್ಮೆ ಮೊಟ್ಟೆಯೊಡೆದು ಬಂದ ಹುಳುಗಳನ್ನು ಎರಡನೇ ಜ್ವರ ದಾಟುವವರೆಗೆ ಸಾಕಿ ಸುತ್ತಲ ರೈತರಿಗೆ ಕೊಡುವುದು ಅವಳ ಕೆಲಸ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ವಯಸ್ಸಿನ ಹುಳು ಬಾಣಂತಿ ಮನೆಯ ಮಗುವಿಗಿಂತ ನಾಜೂಕು. ಬಿಸಿ ಒಂದೇ ಸಮ ಇರಬೇಕು, ತೇವ ಒಂದೇ ಸಮ ಇರಬೇಕು, ಹೀಟರ್ ಫ್ಯಾನು ನಿಲ್ಲಬಾರದು. ನಮ್ಮ ಕರೆಂಟಿನ ಲೈನು ಬರುವುದೋ ಕಾಡಂಚಿನಲ್ಲಿ. ಆನೆ ಮರಕ್ಕೆ ಮೈ ಉಜ್ಜಿದರೂ ಕರೆಂಟು ಹೋಗುತ್ತದೆ, ಲೈನ್‌ಮನ್ ಬರುವುದು ಆನೆ ಹೋದ ಮೇಲೆ.

ನನ್ನ ಇನ್ವರ್ಟರ್ ಹೀಟರಿನ ಮುಂದೆ ಬೇಗ ಸುಸ್ತಾಗುತ್ತದೆ. ಡೀಸೆಲ್ ಜನರೇಟರ್ ಇಡೋಣವೆಂದರೆ ಹೊಗೆ ಹುಳುವಿಗೆ ವಿಷ. ಅಕ್ಕ ಹುಳು ಮನೆಯಲ್ಲಿ ದೇವರಿಗೂ ಊದುಬತ್ತಿ ಹಚ್ಚುವವಳಲ್ಲ. ಬೀಡಿ ಸೇದಿದವರನ್ನು ತೋಟದ ಗೇಟಿನಾಚೆಯೇ ನಿಲ್ಲಿಸಿ ಮಾತಾಡಿಸುತ್ತಾಳೆ. ‘ದೀಪ ಮಾರೋನ ಅಕ್ಕನ ಮನೇಲೇ ಕತ್ತಲು’ ಎಂದು ಭಾವ ನನ್ನನ್ನು ಹಂಗಿಸದ ಹಬ್ಬವಿಲ್ಲ.

ಹೀಗಿರುವಾಗ ಡೆನ್ಮಾರ್ಕಿನ ಒಂದು ಸಣ್ಣ ಕಂಪನಿ ನಮ್ಮ ಸೀಮೆಯಲ್ಲಿ ತನ್ನ ಫ್ಯೂಯಲ್ ಸೆಲ್ ಪೆಟ್ಟಿಗೆಗಳನ್ನು ಪರೀಕ್ಷೆಗೆ ಇಡಲು ಏಜೆಂಟರನ್ನು ಹುಡುಕುತ್ತಿತ್ತು. ಮೆಥನಾಲ್ ಎಂಬ ಸ್ಪಿರಿಟ್ಟು ಕುಡಿದು, ಗಾಳಿ ಎಳೆದುಕೊಂಡು, ಹೊಗೆ ಕಾರದೆ, ಸದ್ದು ಮಾಡದೆ ಕರೆಂಟು ಕೊಡುವ ಪೆಟ್ಟಿಗೆ ಅದು. ಹೊರಗೆ ಬರುವುದು ಬಿಸಿ ಹಬೆ ಮತ್ತು ನಾಲ್ಕು ಹನಿ ನೀರು. ಮೊಬೈಲ್ ಟವರುಗಳಿಗೆಂದು ಮಾಡಿದ್ದು. ನಾನು ಏಜೆಂಟಾದೆ, ಒಂದನ್ನು ಅಕ್ಕನ ಹುಳು ಮನೆಗೆ ಹಾಕಿಸಿದೆ. ಕೂರಿಸಲು ಬಂದ ಡೆನ್ಮಾರ್ಕಿನ ಎಂಜಿನಿಯರ್ ಬಹಳ ಒಳ್ಳೆಯ ಮನುಷ್ಯ. ಅಕ್ಕ ಹೇಳಿದಂತೆ ಪ್ಯಾಂಟು ಮಡಚಿ, ಬಾಗಿಲಲ್ಲಿದ್ದ ಬಾಂಡಲಿಯ ನೀರಿನಲ್ಲಿ ಕಾಲು ಅದ್ದಿ, ನಗುನಗುತ್ತಾ ಒಳಗೆ ಬಂದಿದ್ದ.

ಒಂದು ವರ್ಷ ಪೆಟ್ಟಿಗೆ ಚಿನ್ನದಂತೆ ಓಡಿತು. ಆಮೇಲೆ ದಮ್ಮು ಹಿಡಿದವರ ಹಾಗೆ ಸೊರಗಿ ಸೊರಗಿ, ಮಳೆಗಾಲದಲ್ಲಿ ಕರೆಂಟು ಹೋದ ಒಂದು ದಿನ ನಿಂತೇಬಿಟ್ಟಿತು. ಅಕ್ಕ ಕುದಿಯುವ ನೀರಿನ ಹಂಡೆಗಳನ್ನು ಹುಳು ಸಾಕುವ ತಟ್ಟೆಗಳ ನಡುವೆ ಇಟ್ಟು ಅರ್ಧ ಹುಳು ಉಳಿಸಿಕೊಂಡಳು. ಉಳಿದ ಅರ್ಧ ಜ್ವರದಿಂದ ಏಳಲಿಲ್ಲ. ರೈತರು ಜಗಳವಾಡಲಿಲ್ಲ, ಅದೇ ಭಯದ ವಿಷಯ. ಇನ್ನೊಂದು ಸಲ ಹೀಗಾದರೆ ಬೇರೆ ಸೆಂಟರಿನಿಂದ ತರುತ್ತೇವೆ ಎಂದು ಮೆತ್ತಗೆ ಹೇಳಿ ಹೋದರು.

ಆಗಲೇ ಕಂಪನಿಯವರು ಎಲ್ಲ ದೇಶಗಳ ಏಜೆಂಟರನ್ನು ಒಂದು ಸಭೆಗೆ ಕರೆದರು. ಕೆಟ್ಟ ಪೆಟ್ಟಿಗೆಯ ಒಡಲನ್ನು ಬಿಚ್ಚಿ ಕೈಯಲ್ಲೇ ತನ್ನಿ ಎಂದರು. ಅದಕ್ಕೆ ಸ್ಟ್ಯಾಕ್ ಎನ್ನುತ್ತಾರೆ. ಹಪ್ಪಳದ ಕಟ್ಟನ್ನು ಒತ್ತಿ ಬಿಗಿದ ಹಾಗೆ ತೆಳು ಬಿಲ್ಲೆಗಳ ಕಟ್ಟು. ಅಕ್ಕ ಬಸ್‌ ನಿಲ್ದಾಣಕ್ಕೆ ಬಂದಿದ್ದಳು.

“ಸ್ವಾಮಿ, ಸಂಕ್ರಾಂತಿ ಮುಗೀತಿದ್ದಂಗೆ ಮೊಟ್ಟೆ ಬತ್ತವೆ. ಅಷ್ಟೊತ್ಗೆ ಪೆಟ್ಗೆ ಓಡ್ಬೇಕು ಕಣ್ಲಾ. ಆಗಲ್ಲ ಅಂದ್ರೆ ಈಗ್ಲೇ ಏಳ್ಬುಡು, ನಾನು ಮೊಟ್ಟೆ ಒಪ್ಕಳಲ್ಲ” ಎಂದಳು.

“ತತ್ತೀನಿ ಕಣಕ್ಕ. ಅವ್ರು ಕರ್ದಿರೋದೇ ಅದುಕ್ಕೆ” ಎಂದೆ. ನನಗೆ ಏನೂ ಗೊತ್ತಿರಲಿಲ್ಲ.

ವಿಮಾನ ನಿಲ್ದಾಣ

ಎಕ್ಸ್‌ರೇ ಯಂತ್ರದ ಮುಂದೆ ಕೂತಿದ್ದ ಅಧಿಕಾರಿ ನನ್ನ ಗಂಟು ನೋಡಿ ಎದ್ದು ನಿಂತ. ಪಟ್ಟಿ ಪಟ್ಟಿ ಲೋಹ, ಎರಡು ದಪ್ಪ ವೈರು, ಸುತ್ತ ಸೀರೆ. ನನ್ನ ಮುಖದಲ್ಲಿ ಕಳ್ಳನ ಕಳೆಯೇನೂ ಇಲ್ಲ, ಆದರೆ ಹೆದರಿದರೆ ಎಲ್ಲರ ಮುಖವೂ ಒಂದೇ. ಅವನಿಗೆ ಕನ್ನಡ ಬಾರದು, ನನ್ನ ಹಿಂದಿ ದೇವರಿಗೇ ಪ್ರೀತಿ. ಕೊನೆಗೆ ಕನ್ನಡದ ಒಬ್ಬ ಹುಡುಗಿ ಬಂದಳು.

“ಏನ್ ಸಾರ್ ಇದು?”

“ಕರೆಂಟ್ ಮಾಡೋ ಮಿಷನ್ನಮ್ಮ. ಸತ್ತೋಗದೆ.”

“ಸತ್ತೋಗಿರೋದನ್ನ ಯಾಕೆ ತಗೊಂಡ್ ಹೋಗ್ತಿದೀರಾ?”

“ಬದುಕ್ಸ್‌ಕಂಡ್ ಬರಕ್ಕೆ.”

ಅವಳು ನಕ್ಕು ಗೋಣಿಚೀಲ ಬಿಚ್ಚಿಸಿದಳು. ಅರಿಸಿನದ ಘಾಟಿಗೆ ಅಧಿಕಾರಿ ಸೀನಿದ. ಕಂಪನಿಯ ಪತ್ರ ತೋರಿಸಿದೆ, ಯಾರ‍್ಯಾರಿಗೋ ಫೋನು ಹೋಯಿತು, ಬಂತು. ಬಿಟ್ಟರು. ವಿಮಾನದಲ್ಲಿ ಅದನ್ನು ಮೇಲಿನ ಗೂಡಿನಲ್ಲಿಟ್ಟು, ಯಾರಾದರೂ ಚೀಲ ತುರುಕಲು ಬಂದಾಗಲೆಲ್ಲ ನಾನು ಅರ್ಧ ಎದ್ದು ಕೂರುತ್ತಿದ್ದೆ. ಊಟ ಬಂದದ್ದೂ ಹೋದದ್ದೂ ಸರಿಯಾಗಿ ನೆನಪಿಲ್ಲ.

ಸಂಜೆಯಿಲ್ಲದ ಊರು

ಕಂಪನಿ ಇದ್ದದ್ದು ಡೆನ್ಮಾರ್ಕಿನ ಉತ್ತರದ ಒಂದು ಊರಿನಲ್ಲಿ. ಸಮುದ್ರ ಅಲ್ಲಿ ಊರ ನಡುವೆಯೇ ಹೊಳೆಯಂತೆ ಹರಿದಿದೆ. ನಾನು ಹೋದದ್ದು ನವೆಂಬರಿನಲ್ಲಿ. ನಮ್ಮಲ್ಲಿ ಸಂಜೆ ಕಾಫಿಗೆ ಹಾಲು ಇಡುವ ಹೊತ್ತಿಗೆ ಅಲ್ಲಿ ಆಗಲೇ ಕತ್ತಲೆ. ಮಳೆಯೂ ಅಲ್ಲ ಮಂಜೂ ಅಲ್ಲದ ಏನೋ ಒಂದು ಅಡ್ಡಡ್ಡ ಬೀಳುತ್ತಿತ್ತು. ಚಾಮರಾಜನಗರದಲ್ಲಿ ಕೊಂಡ ನನ್ನ ಸ್ವೆಟರು ಆ ಗಾಳಿಗೆ ಬಲೆಯಾಗಿತ್ತು.

ಆ ದೇಶದಲ್ಲಿ ಕರೆಂಟು ಹೋಗುವುದೇ ಇಲ್ಲವಂತೆ. ಆದರೂ ಎಲ್ಲಿ ನೋಡಿದರೂ ಮೇಣದ ಬತ್ತಿ. ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಮೇಜಿನ ಮೇಲೆ ಬತ್ತಿ, ಬಟ್ಟೆ ಅಂಗಡಿಯಲ್ಲಿ ಬತ್ತಿ, ಬ್ಯಾಂಕಿನಂತೆ ಕಂಡ ಒಂದು ಕಚೇರಿಯಲ್ಲೂ ಬತ್ತಿ. ಮೊದಲ ಬೆಳಿಗ್ಗೆ ನಾನು ‘ಕರೆಂಟು ಯಾವಾಗ ಹೋಯಿತು?’ ಎಂದು ಕೇಳಿದಾಗ, ತಿಂಡಿ ಕೊಡುವವಳು ತಲೆಯ ಮೇಲಿನ ದೀಪವನ್ನೂ ನನ್ನನ್ನೂ ನೋಡಿದಳು. ನಾವು ಬೇಡವೆಂದರೂ ಬರುವ ಕತ್ತಲೆಯನ್ನು ಅವರು ಆಸೆಪಟ್ಟು ಹಚ್ಚಿಕೊಂಡು ಕೂರುತ್ತಾರೆ ಎನ್ನಿಸಿತು. ಅಲ್ಲಿನ ಕರಿ ಬ್ರೆಡ್ಡು ನೋಡಲು ರಾಗಿಮುದ್ದೆಯ ಬಣ್ಣ. ತಿಂದ ಮೇಲೆ ಮುದ್ದೆಯ ಮೇಲೆ ನನಗಿದ್ದ ಗೌರವ ಹೆಚ್ಚಿತು.

ಜನ ಒಳ್ಳೆಯವರು, ಆದರೆ ಮಾತಿಲ್ಲ. ಬಸ್ಸಿನಲ್ಲಿ ಒಬ್ಬರೂ ಇನ್ನೊಬ್ಬರ ಪಕ್ಕ ಕೂರುವುದಿಲ್ಲ. ನಾನು ಅಭ್ಯಾಸ ಬಲದಿಂದ ಒಬ್ಬ ಮುದುಕನ ಪಕ್ಕ ಕೂತೆ, ಆತ ಮುಂದಿನ ನಿಲ್ದಾಣದಲ್ಲಿ ಇಳಿದುಹೋದ. ಕಾಫಿ ಅಂಗಡಿಯ ಹೊರಗೆ, ಆ ಚಳಿಯಲ್ಲಿ, ತಳ್ಳುಗಾಡಿಯಲ್ಲಿ ಕೂಸುಗಳನ್ನು ಮಲಗಿಸಿ ತಾಯಂದಿರು ಒಳಗೆ ಕೂತಿದ್ದರು. ತಣ್ಣನೆ ಗಾಳಿಯಲ್ಲಿ ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತವಂತೆ. ಅಕ್ಕ ತನ್ನ ಹುಳುವನ್ನೂ ಹಾಗೆ ಬಿಟ್ಟವಳಲ್ಲ.

ದಾರಿ ತಪ್ಪಿದವನಿಗೆ ಸಹಾಯ ಮಾಡಿದ್ದು ಮಾತ್ರ ನಮ್ಮ ಕಡೆಯವಳೇ. ಬಸ್ಸಿನಲ್ಲಿ ಸಿಕ್ಕ, ಆಸ್ಪತ್ರೆಯಲ್ಲಿ ನರ್ಸಾಗಿರುವ ವಯನಾಡಿನ ಹೆಂಗಸು, ಮೈಸೂರಿನಲ್ಲಿ ಓದಿದವಳು. ನಮ್ಮೂರು ಗುಂಡ್ಲುಪೇಟೆಯ ಪಕ್ಕ ಎಂದ ಕೂಡಲೇ ಅವಳ ಮುಖ ಅರಳಿತು.

“ನಮ್ಮ ಬಸ್ಸು ಅಲ್ಲಿ ನಿಲ್ಲುತ್ತಿತ್ತಲ್ಲಾ ಚೇಟಾ! ರಾತ್ರಿ ಕಾಡಿನ ಗೇಟು ಹಾಕಿದರೆ ಬೆಳಿಗ್ಗೆವರೆಗೆ ಗುಂಡ್ಲುಪೇಟೆಯೇ ಗತಿ. ಎಷ್ಟು ಬೈದಿದ್ದೇನೆ ಆ ಊರನ್ನು!”

ಈಗ ಆ ಊರಿನ ಹೆಸರು ಕೇಳಿ ಅವಳ ಕಣ್ಣು ತುಂಬಿತ್ತು. ನಾನು ಇಳಿಯಬೇಕಾದ ಕಡೆ ತಾನೂ ಇಳಿದು, ಕಂಪನಿಯ ಬಾಗಿಲವರೆಗೆ ಬಿಟ್ಟು ಹೋದಳು.

ಪೇಟ

ನಮ್ಮಲ್ಲಿ ದೊಡ್ಡವರನ್ನು ನೋಡಲು ಬರಿಗೈಯಲ್ಲಿ ಹೋಗುವುದುಂಟೆ? ನಾನು ಮೈಸೂರು ಪೇಟ, ಶಾಲು, ಗಂಧದ ಹಾರ ಕೊಂಡೊಯ್ದಿದ್ದೆ. ಯಜಮಾನನನ್ನು ಸನ್ಮಾನಿಸಿ, ಆ ಖುಷಿಯಲ್ಲೇ ಹೊಸ ಸ್ಟ್ಯಾಕ್ ಕೇಳುವುದು ನನ್ನ ಲೆಕ್ಕಾಚಾರ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು. ಕೇಕು, ಬತ್ತಿಗಳು, ಹಲ್ಲುಕಡ್ಡಿಗೆ ಅಂಟಿಸಿದ ಪುಟಾಣಿ ಕೆಂಪು ಬಾವುಟಗಳು. ಹಬ್ಬದ ವಾತಾವರಣ ಎಂದುಕೊಂಡೆ. ಎಲ್ಲ ದೇಶಗಳ ಏಜೆಂಟರು ಎಂದಿದ್ದರು, ಕುರ್ಚಿಗಳು ಅರ್ಧಕ್ಕರ್ಧ ಖಾಲಿ. ಯಜಮಾನ ಉದ್ದನೆಯ, ಬಾಗಿದ ಬೆನ್ನಿನ ಮನುಷ್ಯ. ಅವನು ಮಾತಾಡಲು ಎದ್ದ ಕೂಡಲೇ, ತಡವಾದರೆ ಅವಕಾಶ ತಪ್ಪುತ್ತದೆಂದು ನಾನೂ ಎದ್ದೆ. ಈ ಶುಭ ಸಂದರ್ಭದಲ್ಲಿ ಎಂದು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ, ಶಾಲು ಹೊದಿಸಿ, ಹಾರ ಹಾಕಿ, ಅವನನ್ನು ಬಗ್ಗಿಸಿ ಪೇಟ ಇಟ್ಟು ಚಪ್ಪಾಳೆ ತಟ್ಟಿದೆ. ತಟ್ಟಿದವನು ನಾನೊಬ್ಬನೇ.

ಅವನು ಪೇಟ ತೆಗೆಯಲಿಲ್ಲ. ಹಾಗೆ ತೆಗೆದರೆ ನನಗೆ ನೋವಾದೀತೆಂದು ಇರಬೇಕು. ಜರಿಯ ಪೇಟ ತೊಟ್ಟುಕೊಂಡೇ, ಕಾಗದ ನೋಡದೆ, ಸ್ವಲ್ಪ ಹೊತ್ತು ನನಗೆ ಅರ್ಥವಾಗದ ಏನನ್ನೋ ಮಾತಾಡಿದ. ಒಬ್ಬ ಹೆಂಗಸು ಕನ್ನಡಕ ತೆಗೆದು ಒರೆಸಿಕೊಂಡಳು. ನನ್ನ ಪಕ್ಕದಲ್ಲಿದ್ದ, ತಲೆ ನರೆತ, ಕಿರ್ಸ್ಟನ್ ಎಂಬ ಮಹಿಳಾ ಎಂಜಿನಿಯರ್ ನನ್ನ ತೋಳು ಮುಟ್ಟಿ ಸರಳ ಇಂಗ್ಲಿಷಿನಲ್ಲಿ ಹೇಳಿದರು: “ಕ್ರಿಸ್‌ಮಸ್‌ ಹೊತ್ತಿಗೆ ಕಂಪನಿ ಮುಚ್ಚುತ್ತಿದ್ದೇವೆ. ಇದು ಬೀಳ್ಕೊಡುಗೆ. ನಿಮಗೆ ತಿಳಿಸಿದ್ದಾರೆಂದು ನಾನು ಅಂದುಕೊಂಡಿದ್ದೆ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸಾವಿನ ಮನೆಗೆ ಬಂದು ಓಲಗ ಊದಿಸಿದ್ದೆ. ನಾಚಿಕೆಯ ಹಿಂದೆಯೇ ಭಯ ಬಂತು. ಮುಚ್ಚುವ ಕಂಪನಿ ಹೊಸ ಸ್ಟ್ಯಾಕ್ ಎಲ್ಲಿಂದ ಕೊಟ್ಟೀತು? ಅಕ್ಕನಿಗೆ ಏನು ಹೇಳಲಿ?

ಯಾಕೆ ಮುಚ್ಚುತ್ತಿದ್ದೀರಿ ಎಂದು ಕಿರ್ಸ್ಟನ್ ಅವರನ್ನು ಕೇಳಿದೆ. “ಟವರಿನವರು ಲಿಥಿಯಂ ಬ್ಯಾಟರಿಗೆ ಹೋದರು. ಅದು ದಿನದಿನಕ್ಕೂ ಅಗ್ಗವಾಯಿತು. ನಾವು ಪ್ರತಿ ವರ್ಷವೂ ಮುಂದಿನ ವರ್ಷ ಗೆಲ್ಲುತ್ತೇವೆ ಎನ್ನುತ್ತಿದ್ದೆವು” ಎಂದರು. ಆಮೇಲೆ ಸೌಜನ್ಯಕ್ಕೆ, “ಊರಿನಲ್ಲಿ ನಿಮ್ಮ ವ್ಯಾಪಾರ ಯಾವುದು?” ಎಂದು ಕೇಳಿದರು.

“ಬ್ಯಾಟರಿ” ಎಂದೆ. ಅವರು ನನ್ನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದರು.

ಗೋಡೆಯ ಮೇಲಿನ ಫೋಟೋ

ಕಂಪನಿ ಮುಚ್ಚುವುದೇ ಆದರೂ ತಂದದ್ದನ್ನು ಬಿಚ್ಚಿ ನೋಡದಿದ್ದರೆ ಕಿರ್ಸ್ಟನ್ ಅವರಿಗೆ ಸಮಾಧಾನವಿಲ್ಲ. ಮಾರನೆಯ ಬೆಳಿಗ್ಗೆ ನನ್ನನ್ನು ಕೆಲಸದ ಕೋಣೆಗೆ ಕರೆದುಕೊಂಡು ಹೋದರು. ಶೆಡ್ಡಿನಲ್ಲಿ ಕಂಪನಿ ಶುರುವಾದಾಗಿನಿಂದ ಇದ್ದವರು ಅವರು. ಅಕ್ಕನ ಸೀರೆಯನ್ನು ಮಡಚಿ ಒಂದು ಕಡೆ ಇಟ್ಟು, ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸಿದರು. ಕೆಲವನ್ನು ಯಾವುದೋ ಯಂತ್ರದೊಳಗೆ ಇಟ್ಟು ಪರದೆ ನೋಡಿದರು. ಹುಬ್ಬು ಗಂಟಾಯಿತು.

“ಕ್ಲೋರಿನ್. ತುಂಬಾ ಇದೆ. ಇದು ಒಳಗಿನ ಪ್ಲಾಟಿನಂ ಪದರವನ್ನು ತಿಂದುಹಾಕಿದೆ. ನಿಮ್ಮೂರು ಸಮುದ್ರದ ಹತ್ತಿರವೇ?”

“ಇಲ್ಲ.”

“ಈಜುಕೊಳದ ಪಕ್ಕ ಇಟ್ಟಿದ್ದೀರಾ?”

ತೆರಕಣಾಂಬಿಯಲ್ಲಿ ಈಜುಕೊಳ! ನನಗೆ ಅಳುವಿನ ನಡುವೆಯೂ ನಗು ಬಂತು. ಎಲ್ಲಿಂದ ಬಂತು ಕ್ಲೋರಿನ್ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಕಾಫಿ ಕುಡಿಯೋಣ ಎಂದು ಹೊರಟೆವು. ಕಾರಿಡಾರಿನ ಉದ್ದಕ್ಕೂ ಬೇರೆ ಬೇರೆ ದೇಶಗಳಲ್ಲಿ ಪೆಟ್ಟಿಗೆ ಕೂರಿಸಿದ ಫೋಟೋಗಳು ತೂಗುಹಾಕಿದ್ದವು. ಹಿಮದಲ್ಲಿ ಒಂದು, ಮರಳಿನಲ್ಲಿ ಒಂದು. ಅವುಗಳ ನಡುವೆ ನನ್ನ ಅಕ್ಕ ನಿಂತಿದ್ದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಮುಂದೆ ಆ ಎಂಜಿನಿಯರ್ ಪ್ಯಾಂಟು ಮಡಚಿ ಬಾಂಡಲಿಯಲ್ಲಿ ಕಾಲಿಟ್ಟು ನಗುತ್ತಿದ್ದಾನೆ. ಬಾಂಡಲಿಯ ಪಕ್ಕದಲ್ಲೇ, ಬಾಗಿಲ ಒಳಗೆ, ಹೊಸ ಪೆಟ್ಟಿಗೆ. ಕೆಳಗೆ ಏನೋ ಬರೆದಿತ್ತು. ಏನು ಬರೆದಿದೆ ಎಂದು ಕೇಳಿದೆ.

“ಅತಿಥಿಯ ಕಾಲು ತೊಳೆದು ಸ್ವಾಗತಿಸುವ ಭಾರತದ ಸಂಪ್ರದಾಯ ಎಂದು” ಎಂದರು ಕಿರ್ಸ್ಟನ್.

ಕ್ಲೋರಿನ್ ಎಲ್ಲಿಂದ ಬಂತೆಂದು ನನಗೆ ಅಲ್ಲೇ ಹೊಳೆಯಿತು. ಅದು ಸ್ವಾಗತದ ನೀರಲ್ಲ. ಬ್ಲೀಚಿಂಗ್ ಪುಡಿ ಕಲಸಿದ ನೀರು. ಹುಳು ಮನೆಗೆ ಯಾರೇ ಬರಲಿ, ಕಲೆಕ್ಟರೇ ಬರಲಿ, ಅದರಲ್ಲಿ ಕಾಲು ಅದ್ದಿಯೇ ಒಳಗೆ ಬರಬೇಕು. ಪ್ರತಿ ಸಲ ಮೊಟ್ಟೆ ಬರುವ ಮುಂಚೆ ಗೋಡೆ, ನೆಲ, ಸೂರು, ತಟ್ಟೆ ಎಲ್ಲಕ್ಕೂ ಅದೇ ನೀರಿನ ಸ್ನಾನ. ಚಳಿಗಾಲದಲ್ಲಿ ಸುಣ್ಣಕಟ್ಟು ಎಂಬ ಬೂಷ್ಟಿನ ರೋಗವಿದೆ. ಒಳಗೆ ಬಂತೆಂದರೆ ಹುಳು ಸತ್ತು ಸೀಮೆಸುಣ್ಣದಂತೆ ಬಿಳುಪಾಗಿ ಗಟ್ಟಿಯಾಗುತ್ತದೆ. ಅದನ್ನು ಬಾಗಿಲಾಚೆ ನಿಲ್ಲಿಸುವುದು ಬ್ಲೀಚಿಂಗ್ ಒಂದೇ. ಪೆಟ್ಟಿಗೆ ಬಂದ ದಿನ ಅಕ್ಕ ಅದನ್ನೂ ಬಿಡಲಿಲ್ಲ. ಬಟ್ಟೆ ಅದ್ದಿ ಒಳಗೂ ಹೊರಗೂ ಒರೆಸಿ, ಈಗ ಶುದ್ಧವಾಯಿತು ಎಂದು ಬಾಗಿಲ ಪಕ್ಕ ಕೂರಿಸಿದ್ದಳು.

ಇದನ್ನೆಲ್ಲ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಕಿರ್ಸ್ಟನ್ ಫೋಟೋವನ್ನೇ ನೋಡುತ್ತಿದ್ದರು.

“ದೂಳಿನ ಬಗ್ಗೆ ಕೇಳಿದೆವು. ಬಿಸಿಲು, ಇರುವೆ, ಇಲಿ, ಎಲ್ಲದರ ಬಗ್ಗೆ ಕೇಳಿದೆವು. ಮನೆಯನ್ನು ಯಾವುದರಿಂದ ತೊಳೆಯುತ್ತೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಪೆಟ್ಟಿಗೆಯನ್ನು ಹೊರಗಿಟ್ಟು, ಹೊಲದ ಕಡೆಯಿಂದ ಗಾಳಿ ಬರುವ ಹಾಗೆ ಒಂದು ಪೈಪು ಹಾಕಿದ್ದರೆ ಸಾಕಿತ್ತು” ಎಂದರು. ಹಾಗೆನ್ನುತ್ತಲೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಪರದೇಶದ ಹೆಂಗಸು ಅತ್ತಾಗ ಏನು ಮಾಡಬೇಕೋ ನನಗೆ ತಿಳಿಯದು. ಊರಾಗಿದ್ದರೆ ‘ಸುಮ್ನಿರವ್ವ’ ಎನ್ನುತ್ತಿದ್ದೆ. ಅದನ್ನೇ ಎಂದೆ.

ಭಾನುವಾರ

ಹೊರಡುವ ಮುಂಚಿನ ಭಾನುವಾರ ಕಿರ್ಸ್ಟನ್ ಮನೆಗೆ ಕರೆದರು. ಬೂಟು ಬಾಗಿಲಲ್ಲೇ ಬಿಡಿಸಿದರು, ಅದೊಂದು ನಮ್ಮ ಮನೆಯ ಹಾಗೇ. ಬೇಯಿಸಿದ ಆಲೂಗಡ್ಡೆ, ಕೆಂಪು ಎಲೆಕೋಸು. ಬೆಳಿಗ್ಗೆಯಿಂದ ಸೂರ್ಯನ ಮುಖ ಕಂಡಿರಲಿಲ್ಲ.

ಊಟವಾದ ಮೇಲೆ ಒಳಗಿನಿಂದ ಒಂದು ಸ್ಟ್ಯಾಕ್ ತಂದು ಮೇಜಿನ ಮೇಲಿಟ್ಟರು. ಅದಕ್ಕೆ ಅಕ್ಕನ ಸೀರೆಯನ್ನೇ ಸುತ್ತಿದ್ದರು. ಸೀರೆ ಒಗೆದಿತ್ತು.

“ಇದನ್ನು ನನ್ನ ಕೈಯಾರೆ ಜೋಡಿಸಿದ್ದು. ಕಂಪನಿಯ ಕೊನೆಯದು ಇದೇ. ಉಳಿದದ್ದನ್ನೆಲ್ಲ ಪ್ಲಾಟಿನಂ ತೆಗೆಯಲು ಗುಜರಿಗೆ ಕಳಿಸುತ್ತಾರೆ. ಯಜಮಾನರನ್ನು ಕೇಳಿದೆ. ಪೇಟ ತೊಡಿಸಿದವನಿಗೇ ಕೊಡು ಎಂದರು.”

ಅವರು ಪೈಪು ಎಲ್ಲಿ, ಜಾಲರಿ ಎಲ್ಲಿ ಎಂದು ಚಿತ್ರ ಬರೆದು ತೋರಿಸಿದರು. “ಇದು ಉಸಿರಾಡುವ ವಸ್ತು. ನೀವು ಏನು ಉಸಿರಾಡುತ್ತೀರೋ ಇದೂ ಅದನ್ನೇ ಉಸಿರಾಡುತ್ತದೆ. ಇನ್ನೊಂದು ಸಿಗುವುದಿಲ್ಲ, ಜೋಪಾನ” ಎಂದರು. ಮುಂದೆ ಏನು ಮಾಡುತ್ತೀರಿ ಎಂದು ನಾನು ಕೇಳಿದೆ. “ತೋಟ ಇದೆ” ಎಂದು ಕಿಟಕಿಯಾಚೆ ತೋರಿಸಿದರು. ಕತ್ತಲೆಯಲ್ಲಿ ತೋಟ ಕಾಣುತ್ತಿರಲಿಲ್ಲ.

ಆ ದಿನವೇ ಅಕ್ಕನಿಗೆ ಫೋನು ಮಾಡಿದೆ. “ಪೆಟ್ಗೆ ಬತ್ತದಾ?” ಎಂದಳು. “ಬತ್ತದೆ” ಎಂದೆ. “ಅಂಗಾರೆ ಮೊಟ್ಟೆ ಒಪ್ಕತೀನಿ” ಎಂದು ಇಟ್ಟಳು. ಚೆನ್ನಾಗಿದ್ದೀಯಾ ಎಂದು ಕೂಡ ಕೇಳಲಿಲ್ಲ.

ಮತ್ತೆ ತೆರಕಣಾಂಬಿ

ಹೋಗಿ ಬಂದವನ ಸುತ್ತ ಮನೆಯವರು ಕೂರುತ್ತಾರಲ್ಲ, ಹಾಗೆ ಅಕ್ಕ, ಭಾವ ಜಗುಲಿಯಲ್ಲಿ ಕೂತರು. ನಾನು ಎಲ್ಲ ಹೇಳಿದೆ. ಪೇಟದ ಕತೆಗೆ ಭಾವ ಬಿದ್ದು ಬಿದ್ದು ನಕ್ಕರು. ಬ್ಲೀಚಿಂಗಿನ ವಿಷಯವನ್ನು 'ಯಾರಿಗೂ ಗೊತ್ತಿರಲಿಲ್ಲ' ಎಂದು ಶುರುಮಾಡಿ, ಸುತ್ತಿ ಬಳಸಿ ಹೇಳಿದೆ. ಅಕ್ಕ ಸುತ್ತು ಬಳಸನ್ನೆಲ್ಲ ಪಕ್ಕಕ್ಕೆ ತಳ್ಳಿದಳು.

“ಅಂದ್ರೆ ನಾನೇ ಸಾಯಿಸ್ಬುಟ್ನಾ?”

“ಅಂಗಲ್ಲ ಕಣಕ್ಕ. ಅವ್ರೂ ಕೇಳ್ನಿಲ್ಲ, ನಾವೂ ಏಳ್ನಿಲ್ಲ.”

“ಆಯಮ್ಮ ಅತ್ಬುಟ್ರಾ?”

“ಅತ್ರು.”

“ಕೆಲ್ಸ ಓದ್ಮೇಲೂ ಕುತ್ಕಂಡು ನಮಗೋಸ್ಕರ ಒಂದ ಮಾಡವ್ರೆ ಅನ್ನು.”

“ಮೊದ್ಲೇ ಮಾಡಿದ್ದು ಕಣಕ್ಕ. ಕೊನೇದು. ಇನ್ಮೇಲೆ ಎಲ್ಲೂ ಸಿಗಲ್ಲ.”

ಸ್ಟ್ಯಾಕಿಗೆ ಸುತ್ತಿದ್ದ ಸೀರೆಯನ್ನು ಬಿಚ್ಚಿ ಅಕ್ಕ ನೋಡಿದಳು. ಮುಟ್ಟಲಿಲ್ಲ. ಪೆಟ್ಟಿಗೆಯನ್ನು ಹುಳು ಮನೆಯ ಹಿಂದೆ, ತಗಡಿನ ಸೂರಿನ ಕೆಳಗೆ ಕೂರಿಸಿ, ಹೊಲದ ಕಡೆಗೆ ಉದ್ದನೆಯ ಪೈಪು ಎಳೆದೆ. ಕರೆಂಟು ತೆಗೆದು ನೋಡಿದೆವು. ಪೆಟ್ಟಿಗೆ ಸಣ್ಣಗೆ ಗುನುಗಿ ಎದ್ದಿತು, ಹೀಟರ್ ಕೆಂಪಾಯಿತು. ಒಳಗೆ ಎಷ್ಟು ಬೇಕಾದರೂ ಬ್ಲೀಚಿಂಗ್ ಹೊಡಿ, ಇದಕ್ಕೇನೂ ಆಗುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. ಹೂಂ ಎಂದಳು. ನಾನು ನಿಶ್ಚಿಂತೆಯಿಂದ ಚಾಮರಾಜನಗರಕ್ಕೆ ಬಂದು ಅಂಗಡಿಯ ಬಾಗಿಲು ತೆಗೆದೆ.

ಸಂಕ್ರಾಂತಿ ಕಳೆದ ಮೇಲೆ

ಭಾವ ಫೋನು ಮಾಡಿದ್ದು ಅಂಗಡಿಯಲ್ಲಿ ಗಿರಾಕಿಗಳಿದ್ದ ಹೊತ್ತಿನಲ್ಲಿ. “ಸ್ವಾಮಿ, ಬಂದೋಗಪ್ಪ” ಎಂದಷ್ಟೇ ಹೇಳಿದರು. ಪೆಟ್ಟಿಗೆ ನಿಂತಿತು ಎಂದುಕೊಂಡು ಟೂಲ್ ಕಿಟ್ಟು ಹಿಡಿದು ಓಡಿದೆ. ದಾರಿಯುದ್ದಕ್ಕೂ ಎಲ್ಲಿ ತಪ್ಪಿದೆ ಎಂದು ಯೋಚಿಸುತ್ತಿದ್ದೆ. ಪೈಪಿನಲ್ಲಿ ಕಣಜ ಗೂಡು ಕಟ್ಟಿರಬಹುದು, ವೈರು ಸಡಿಲವಿರಬಹುದು.

ತೋಟದಲ್ಲಿ ಹಿಂದಿನ ದಿನದಿಂದ ಕರೆಂಟು ಇರಲಿಲ್ಲ. ಪೆಟ್ಟಿಗೆ ಓಡುತ್ತಿತ್ತು. ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು. ಕೆಳಗಿನ ನಳಿಕೆಯಿಂದ ಹನಿ ನೀರು ಬೀಳುತ್ತಿತ್ತು. ಒಂದು ದೋಷವಿಲ್ಲ.

ಹುಳು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಾಂಡಲಿಯಲ್ಲಿ ಕಾಲಿಟ್ಟೆ. ಆ ಮೂಗು ಉರಿಯುವ ವಾಸನೆ ಬರಲಿಲ್ಲ. ಬಗ್ಗಿ ನೋಡಿದೆ, ಬರೀ ನೀರು.

ಒಳಗೆ ಹದವಾದ ಬಿಸಿ, ಹದವಾದ ತೇವ, ಫ್ಯಾನು ತಿರುಗುತ್ತಿತ್ತು. ಅಕ್ಕ ತಟ್ಟೆಯ ಮುಂದೆ ನೆಲದ ಮೇಲೆ ಕೂತಿದ್ದಳು. ತಟ್ಟೆಯಲ್ಲಿ ಸೊಪ್ಪು ಹಸಿರಾಗಿಯೇ ಇತ್ತು. ಅದರ ಮೇಲೆ ಹುಳುಗಳು ಬೆಳ್ಳಗೆ, ಸುಣ್ಣದ ಚೂರುಗಳ ಹಾಗೆ ಬಿದ್ದಿದ್ದವು. ಪಕ್ಕದ ತಟ್ಟೆಯಲ್ಲೂ ಹಾಗೇ, ಅದರಾಚೆಯದರಲ್ಲೂ ಹಾಗೇ. ಅಲ್ಲೊಂದು ಇಲ್ಲೊಂದು ತಲೆಯೆತ್ತುತ್ತಿತ್ತು.

“ಬ್ಲೀಚಿಂಗ್ ಒಡೀನಿಲ್ವಾ ಅಕ್ಕ?”

ಅವಳು ನನ್ನ ಕಡೆ ನೋಡಲಿಲ್ಲ.

“ಬಿಸ್ನೀರಾಕಿ ತೊಳ್ದೆ. ಸುಣ್ಣ ಬಳ್ದೆ. ಬ್ಲೀಚಿಂಗ್ ಕಲ್ಸಕ್ಕೆ ಡಬ್ಬ ತಗ್ದೆ ಕಣ್ಲಾ. ಘಾಟು ರಸ್ತೆಗಂಟ ಓಯ್ತದೆ. ಪೈಪು ಎಳ್ಕಳಲ್ಲ ಅಂತ ನೀನೇನೋ ಅಂದೆ. ಎಳ್ಕಬುಟ್ರೆ? ಉಸ್ರಾಡೋ ವಸ್ತು ಅಂದಲ್ಲ. ಒಂದ್ಸತಿ ಸಾಯಿಸಿದ್ದೀನಿ.”

“ಅಕ್ಕ, ಹುಳ...”

“ಹುಳ ಓದ್ರೆ ಇನ್ನೊಂದ್ಸತಿ ಮೊಟ್ಟೆ ತರ್ಬೋದು ಅನ್ಕಂಡೆ. ಅದು ಓದ್ರೆ ಆಯಮ್ಮ ಎಲ್ಲಿಂದ ತತ್ತಾಳೆ?”

ನಾನು ಡೆನ್ಮಾರ್ಕಿನ ಕತೆಯನ್ನು ಅಷ್ಟು ಚೆನ್ನಾಗಿ ಹೇಳಬಾರದಿತ್ತು. ಪೈಪು, ಜಾಲರಿ, ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಅಕ್ಕ ಎಂದಿನಂತೆ ಬ್ಲೀಚಿಂಗ್ ಹೊಡೆದಿರುತ್ತಿದ್ದಳು. ಇದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಮಧ್ಯಾಹ್ನ ಅವಳೇ ಒಬ್ಬೊಬ್ಬ ರೈತನಿಗೂ ಫೋನು ಮಾಡಿದಳು. “ನನ್ನ ಕಡೆಯಿಂದ ಈ ಸತಿ ಇಲ್ಲ ಕಣಪ್ಪ. ಇನ್ನು ಮುಂದ್ಕೂ ಬೇರೆ ಕಡೆ ನೋಡ್ಕಳಿ” ಎಂದು ಎಲ್ಲರಿಗೂ ಅದೇ ಮಾತು. ಹಾಗನ್ನಬೇಡ, ಮುಂದೆಯೂ ನೀನೇ ಕೊಡು ಎಂದು ಯಾರೂ ಹೇಳಲಿಲ್ಲವೆಂದು ಅವಳ ಮುಖದಿಂದಲೇ ತಿಳಿಯಿತು. ಭಾವ ತೋಟದ ಮೂಲೆಯಲ್ಲಿ ಗುಂಡಿ ತೆಗೆದರು. ಹುಳುಗಳನ್ನು ಸುರಿದು, ಮೇಲೆ ಬ್ಲೀಚಿಂಗ್ ಪುಡಿಯ ಡಬ್ಬವನ್ನು ಪೂರ್ತಿ ಬಗ್ಗಿಸಿ, ಮಣ್ಣು ಮುಚ್ಚಿದೆವು. ಆ ಹೊತ್ತಿಗೂ ಕರೆಂಟು ಬಂದಿರಲಿಲ್ಲ. ಖಾಲಿ ಮನೆಯೊಳಗೆ ಫ್ಯಾನು ತಿರುಗುತ್ತಲೇ ಇತ್ತು, ಆರಿಸುವುದು ಯಾರಿಗೂ ನೆನಪಾಗಲಿಲ್ಲ.

ವಾಪಸ್ಸು ಹೋಗುವ ಬಸ್ಸಿನಲ್ಲಿ ಕಿರ್ಸ್ಟನ್ ಅವರಿಂದ ಮೊಬೈಲಿಗೆ ಮೆಸೇಜು ಬಂತು. ಅಲ್ಲಿ ಹಿಮ ಬೀಳುತ್ತಿದೆಯಂತೆ, ತೋಟವೆಲ್ಲ ಮುಚ್ಚಿಹೋಗಿದೆಯಂತೆ. ಪೆಟ್ಟಿಗೆ ಹೇಗಿದೆ, ಅಕ್ಕನ ಹುಳುಗಳು ಹೇಗಿವೆ ಎಂದು ಕೇಳಿದ್ದರು.

ಪೆಟ್ಟಿಗೆ ಚೆನ್ನಾಗಿ ಓಡುತ್ತಿದೆ ಎಂದು ಬರೆದು ಕಳಿಸಿದೆ.